ಅಂತರಿಕ್ಷದ ನಿಧಿ, ಸಮಾಧಿಯ ನಿಧಿ

ಸ್ಟೀವನ್‌ಸನ್ನನು 1883ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಕಡಲುಗಳ್ಳರ ಕಥೆಯನ್ನು ನಕ್ಷತ್ರಲೋಕಕ್ಕೆ ಕೊಂಡೊಯ್ದು ಡಿಸ್ನಿ ಸಂಸ್ಥೆಯವರು 2002ರಲ್ಲಿ ನಿರ್ಮಿಸಿದ ‘ಟ್ರೆಷರ್ ಪ್ಲಾನೆಟ್’ ಎಂಬ ಚಲಚ್ಚಿತ್ರದಲ್ಲಿ, ಸಾವಿರ ಲೋಕಗಳನ್ನು ಸುಲಿದು ತಂದ ಐಶ್ವರ್ಯವನ್ನು ಒಂದು ಗ್ರಹದ ಗರ್ಭದಲ್ಲಿ ಬಚ್ಚಿಟ್ಟ ಕ್ಯಾಪ್ಟನ್ ಫ್ಲಿಂಟನು ಆ ರಾಶಿಯ ನಡುವೆಯೇ ಅಸ್ಥಿಪಂಜರವಾಗಿ ಉಳಿದಿರುವುದನ್ನು ಕಾಣುತ್ತೇವೆ. ಗುಟ್ಟು ಬಯಲಾಗದಿರಲೆಂದು ತನ್ನ ಯಂತ್ರಸೇವಕನ ಸ್ಮೃತಿಯನ್ನೇ ಕಿತ್ತುಕೊಂಡವನು ಅವನು. ಆ ಸ್ಮೃತಿಯ ತುಣುಕು ಸತ್ತಮೇಲೂ ಅವನ ಮುಷ್ಟಿಯಲ್ಲಿದೆ. ಮಕ್ಕಳ ಚಿತ್ರವೆಂದು ಇದನ್ನು ಬದಿಗೊತ್ತುವವರು ಈ ಒಂದು ದೃಶ್ಯವನ್ನಾದರೂ ಸಾವಧಾನವಾಗಿ ನೋಡಬೇಕೆಂದು ನನ್ನ ಪ್ರಾರ್ಥನೆ.

ಹೀಗೆ ನಿಧಿಯೊಡನೆ ಮಲಗಿದವರು ನಿಜಲೋಕದಲ್ಲಿಯೂ ಉಂಟು. ಜಪಾನಿನ ಇಶಿಕಾವಾ ಪ್ರಾಂತದಲ್ಲಿ, ತೆದೋರಿ ನದಿಯ ದಕ್ಷಿಣಕ್ಕಿರುವ ನೋಮಿ ನಗರದ ತಗ್ಗುಗುಡ್ಡಗಳ ಮೇಲೆ, ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನ ನಾಯಕರ ಸಮಾಧಿದಿಬ್ಬಗಳಿವೆ. ಅವುಗಳಲ್ಲಿ ಹಿರಿದಾದ ಅಕಿತ್ಸುನೆಯಾಮಾದ ದಿಬ್ಬವು ಸುಮಾರು 140 ಮೀಟರು ಉದ್ದವಿದೆ. ಈ ಸಮೂಹದ ಗೋರಿಗಳಲ್ಲಿ ಕತ್ತಿ, ಕವಚ, ಕನ್ನಡಿಗಳು ದೊರೆತಿವೆ. ನಿಧಿಯೊಡನೆ ಮಲಗಿದ ಈ ನಾಯಕರಿಗೂ ಫ್ಲಿಂಟನಿಗೂ ಭೇದವೇನು? ಫ್ಲಿಂಟನು ತನ್ನದನ್ನು ತಾನೇ ಅಡಗಿಸಿಕೊಂಡನು. ಇಲ್ಲಿಯಾದರೋ, ಲೋಹವು ದುರ್ಲಭವಾಗಿದ್ದ ಕಾಲದಲ್ಲಿ, ತಮ್ಮ ಬಾಳಿಗೆ ಎಷ್ಟೋ ಒದಗಬಹುದಾಗಿದ್ದ ವಸ್ತುಗಳನ್ನು ಬದುಕಿದ್ದವರೇ ಮಣ್ಣಿಗೊಪ್ಪಿಸಿದರು. ವಂಶಪ್ರತಿಷ್ಠೆಯೂ ಅದರಲ್ಲಿ ಬೆರೆತಿದ್ದಿರಬೇಕು, ದಿಬ್ಬವನ್ನೆತ್ತಲು ಮಣ್ಣು ಹೊತ್ತವರ ಬೆವರನ್ನು ಮರೆಯುವಂತೆಯೂ ಇಲ್ಲ. ಆದರೂ ಕೈಯಿಂದ ಬಿಟ್ಟುಕೊಟ್ಟದ್ದಕ್ಕೂ ಕೈಯಲ್ಲಿ ಬಿಗಿಹಿಡಿದದ್ದಕ್ಕೂ ಇರುವ ಅಂತರವು ಅಲ್ಪವಲ್ಲ. ನಮ್ಮ ನಾಡಿನ ಹಾಳುಗುಡಿಗಳಲ್ಲಿ ಗರ್ಭಗೃಹವನ್ನಗೆಯುವ ನಿಧಿಗಳ್ಳರು ಕದಿಯುವುದು ಬರಿಯ ಚಿನ್ನವನ್ನಲ್ಲ, ಯಾರೋ ದೇವರಿಗೆಂದು ಬಿಟ್ಟ ಆ ಬಿಡುವಿಕೆಯನ್ನೇ ಕದಿಯುತ್ತಾರೆ.

ಚಿತ್ರದ ಪರಾಕಾಷ್ಠೆಯೂ ಇಂಥ ಬಿಡುವಿಕೆಯೇ. ಗ್ರಹವು ಸ್ಫೋಟಿಸುತ್ತಿರಲು, ಜೀವಮಾನವೆಲ್ಲ ಅರಸಿದ ಹೊನ್ನು ತುಂಬಿದ ದೋಣಿಯನ್ನು ಒಂದು ಕೈಯಲ್ಲಿ ಹಿಡಿದ ಕಡಲುಗಳ್ಳ ಸಿಲ್ವರನು, ಪ್ರಪಾತಕ್ಕೆ ಜಾರುತ್ತಿರುವ ಬಾಲಕ ಜಿಮ್ಮನಿಗೆ ಮತ್ತೊಂದು ಕೈ ಚಾಚುತ್ತಾನೆ. ಎರಡೂ ಕೂಡದೆಂದು ಅರಿತಾಗ ದೋಣಿಯನ್ನು ಬಿಟ್ಟುಬಿಡುತ್ತಾನೆ. ಅಷ್ಟು ದೂರದ ಪಯಣವು ವ್ಯರ್ಥವಾಯಿತೆ? ಹಾಗೆನ್ನಲಾರೆ. ಬಿಡತಕ್ಕ ವಸ್ತು ಕೈಯಲ್ಲಿದ್ದಾಗಲಲ್ಲವೆ ಬಿಡುವ ಶಕ್ತಿಯ ಪರೀಕ್ಷೆ? ಹೂಳಿಟ್ಟ ಹೊನ್ನಿನ ಮೇಲೆಯೇ ಮತ್ತೆ ಮತ್ತೆ ನಡೆದಾಡಿದರೂ, ಆ ನೆಲವನ್ನರಿಯದವರಿಗೆ ಅದು ದೊರೆಯದೆಂದು ಛಾಂದೋಗ್ಯದ ಎಂಟನೆಯ ಅಧ್ಯಾಯವು ಹೇಳುವುದು ಆತ್ಮವನ್ನು ಕುರಿತು. ಸಿಲ್ವರನು ತನ್ನ ನೆಲವನ್ನು ಅರಿತದ್ದು ಮನೆಯಲ್ಲಿ ಕುಳಿತಲ್ಲ, ಆ ಪ್ರಪಾತದ ಅಂಚಿನಲ್ಲಿ.

ನಿಜವಾದ ಅಂತರಿಕ್ಷದ ನಿಧಿಶೋಧವನ್ನೂ ಜಪಾನೀಯರು ಮಾಡಿ ತೋರಿಸಿದ್ದಾರೆ. 2014ರಲ್ಲಿ ಹೊರಟ ಹಯಬುಸಾ-2 ನೌಕೆಯು, ಜನಪದ ಕಥೆಯ ನಾಗರಾಜನ ಅರಮನೆಯ ಹೆಸರನ್ನು ಹೊತ್ತ ರ‍್ಯೂಗು ಎಂಬ ಕ್ಷುದ್ರಗ್ರಹವನ್ನು 2019ರಲ್ಲಿ ಎರಡು ಬಾರಿ ಸ್ಪರ್ಶಿಸಿ, 2020ರ ಡಿಸೆಂಬರ್ 6ರಂದು ಸುಮಾರು 5.4 ಗ್ರಾಂ ಕಪ್ಪು ಕಣಗಳನ್ನು ಪೆಟ್ಟಿಗೆಯೊಂದರಲ್ಲಿ ಆಸ್ಟ್ರೇಲಿಯದ ಮರುಭೂಮಿಗೆ ಇಳಿಸಿತು. ಚಿನ್ನವಲ್ಲ, ರತ್ನವಲ್ಲ, ಆದರೆ ಜೀವಕ್ಕೆ ಮೂಲದ್ರವ್ಯವಾದ ಅಮಿನೋ ಆಮ್ಲಗಳು ಆ ಧೂಳಿನಲ್ಲಿ ಕಂಡುಬಂದವು. ಅದರಲ್ಲಿ ಒಂದು ಪಾಲನ್ನು ಅಮೆರಿಕದವರಿಗೆ ಕೊಟ್ಟರು, ಅನ್ಯದೇಶದ ಸಂಶೋಧಕರಿಗೂ ಹಂಚಿದರು, ಇನ್ನೂ ಉತ್ತಮ ಉಪಕರಣಗಳೊಡನೆ ಮುಂದೆ ಬರುವವರಿಗೆಂದು ಮತ್ತೊಂದು ಪಾಲನ್ನು ಮುಟ್ಟದೆ ಕಾದಿಟ್ಟರು. ನೌಕೆಯಾದರೋ ಪೆಟ್ಟಿಗೆಯನ್ನು ಕೊಟ್ಟು ತಾನು ಇಳಿಯಲಿಲ್ಲ. 2031ರಲ್ಲಿ ಮತ್ತೊಂದು ಪುಟ್ಟ ಕ್ಷುದ್ರಗ್ರಹವನ್ನು ಸೇರಲೆಂದು ಮುಂದಕ್ಕೆ ಸಾಗಿತು.