ಮಿನುಗುವ ದೀಪವೂ ತಪ್ಪಿನ ಪಾಲೂ



ಕೂಡುರಸ್ತೆಯಲ್ಲಿ ಎರಡು ವಾಹನಗಳು ಡಿಕ್ಕಿಯಾದ ಕೂಡಲೇ ನೆರೆದ ಜನರ ಬಾಯಲ್ಲಿ ಮೊದಲು ಬರುವ ಮಾತು "ತಪ್ಪು ಯಾರದು?" ಎಂಬದೇ. ಉತ್ತರವೂ ತಡವಿಲ್ಲದೆ ಬರುತ್ತದೆ: "ದೊಡ್ಡ ಗಾಡಿಯವನದು." ಈ ತೀರ್ಪು ನ್ಯಾಯವಾದದ್ದೋ ಎಂದು ಸ್ವಲ್ಪ ಆಲೋಚಿಸೋಣ.

ತುಮಕೂರಿನ ಬಟವಾಡಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿಯ ಒಂದು ಕೂಡುರಸ್ತೆಯಲ್ಲಿ ರಾತ್ರಿ ಹೀಗಾಯಿತೆಂದು ಭಾವಿಸಿರಿ. ಮುಖ್ಯರಸ್ತೆಯವರಿಗೆ ಹಳದಿ ದೀಪವೂ ಅಡ್ಡರಸ್ತೆಯವರಿಗೆ ಕೆಂಪು ದೀಪವೂ ಮಿನುಗುತ್ತಿವೆ. ಅಡ್ಡರಸ್ತೆಯಿಂದ ಒಬ್ಬನು, ಹಿಂದೆ ತಮ್ಮನನ್ನು ಕೂರಿಸಿಕೊಂಡು, ಬೈಕಿನಲ್ಲಿ ನಿಲ್ಲದೆ ನುಗ್ಗಿದನು. ಮುಖ್ಯರಸ್ತೆಯಲ್ಲಿ ಇನ್ನೊಬ್ಬನು ಕಾರಿನ ವೇಗವನ್ನು ತಗ್ಗಿಸದೆ ಬಂದನು. ಡಿಕ್ಕಿಯಾಗಿ ಅಣ್ಣತಮ್ಮಂದಿರಿಬ್ಬರೂ ಗಾಯಪಟ್ಟು ಬಿದ್ದರು.

ಸ್ಥಿರವಾಗಿ ಉರಿಯುವ ದೀಪವು ಅಪ್ಪಣೆಯಂತಿರುವದು: ಹಸಿರಾದರೆ ಹೋಗು, ಕೆಂಪಾದರೆ ನಿಲ್ಲು. ಮಿನುಗುವ ದೀಪವಾದರೋ ಎಚ್ಚರಿಕೆಯನ್ನು ಕೊಟ್ಟು ನಿರ್ಣಯವನ್ನು ನಮಗೇ ಬಿಡುವದು. ಮಿನುಗುವ ಕೆಂಪಿಗೆ ಪೂರ್ತಿಯಾಗಿ ನಿಂತು, ಅಪಾಯವಿಲ್ಲವೆಂದು ಕಂಡ ಮೇಲೆ ಸಾಗಬೇಕು. ಮಿನುಗುವ ಹಳದಿಗೆ ವೇಗ ತಗ್ಗಿಸಿ ಜಾಗರೂಕತೆಯಿಂದ ಸಾಗಬೇಕು.

ಆದಕಾರಣ ಬೈಕಿನವನ ತಪ್ಪೇ ಹೆಚ್ಚು. ಅವನ ಗಾಡಿ ಚಿಕ್ಕದೆಂಬದರಿಂದ ಅದು ಕಡಮೆಯಾಗದು. ಹಾಗಾದರೆ ಕಾರಿನವನು ನಿರ್ದೋಷಿಯೋ? ಅಲ್ಲ. ಮೊದಲು ಹೋಗುವ ಹಕ್ಕೆಂದರೆ ನೋಡದೆ ಹೋಗುವ ಹಕ್ಕಲ್ಲ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾದ ವಿಧಿಯುಂಟಷ್ಟೆ. ಎಂದೂ ಹಾಯದ ಎತ್ತು ಒಬ್ಬನನ್ನು ಹಾಯ್ದು ಕೊಂದರೆ ಯಜಮಾನನು ನಿರ್ದೋಷಿ. ಅದು ಹಾಯುವ ಎತ್ತೆಂದು ಮುಂಚೆ ತಿಳಿಸಿದ್ದಾಗ್ಯೂ ಕಟ್ಟದೆ ಬಿಟ್ಟಿದ್ದರೆ ಅವನು ಅಪರಾಧಿ. ಎಚ್ಚರಿಕೆಯನ್ನು ಕೇಳಿದವನ ಹೊಣೆಯು ಭಾರವಾದದ್ದು. ಬಟವಾಡಿಯ ದೀಪವು ಇಬ್ಬರನ್ನೂ ಎಚ್ಚರಿಸಿತ್ತು.

ಪರಿಹಾರದ ವ್ಯಾಜ್ಯವನ್ನು ಕೇಳುವ ನ್ಯಾಯಮಂಡಳಿಯು ಸ್ಥಳದ ಮಹಜರು, ನಕ್ಷೆ, ಚಕ್ರದ ಗುರುತು, ಗಾಡಿಗಳು ಜಖಂಗೊಂಡ ಭಾಗ, ಸಾಕ್ಷಿಗಳ ಹೇಳಿಕೆ ಇವುಗಳನ್ನು ತೂಗಿ ತಪ್ಪನ್ನು ಪಾಲುಮಾಡುವದುಂಟು. ಬೈಕು ನಡಿಸಿದವನ ಪಾಲು ನೂರಕ್ಕೆ 60 ಎಂದು ಕಂಡರೆ ಅವನ ಪರಿಹಾರದಲ್ಲಿ ಅಷ್ಟು ಕಡಿತವಾಗುವದು. ಹಿಂದೆ ಕೂತಿದ್ದ ತಮ್ಮನಿಗೆ ಆ ಕಡಿತವಿಲ್ಲ. ಇಬ್ಬರ ಅಜಾಗ್ರತೆಯಿಂದ ನಷ್ಟಪಟ್ಟ ನಿರಪರಾಧಿಯು ಅವರಲ್ಲಿ ಯಾರಿಂದಾದರೂ ಪೂರ್ತಿ ಪರಿಹಾರವನ್ನು ಕೇಳಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಮಾನಿಸಿತು.

ಹಣವನ್ನು ಹೀಗೆ ಪಾಲುಮಾಡಬಹುದು, ಮನಸ್ಸಾಕ್ಷಿಯನ್ನು ಪಾಲುಮಾಡಲಾಗದು. "ನನ್ನದು ನೂರಕ್ಕೆ 40 ಮಾತ್ರ" ಎಂದು ಕಾರಿನವನು ಸಮಾಧಾನಪಟ್ಟಾಗ್ಯೂ, ತಾನು ವೇಗ ತಗ್ಗಿಸಿದ್ದರೆ ಅವರು ಬೀಳುತ್ತಿರಲಿಲ್ಲವೇನೋ ಎಂಬ ಮಾತು ಅವನನ್ನು ಬಿಡದು. ಅಣ್ಣನೂ ತಮ್ಮನ ಮುಖವನ್ನು ನೋಡಿ "ಕಾರಿನವನದೂ ತಪ್ಪು" ಎಂದು ಹೇಳಿ ತನ್ನ ಲೆಕ್ಕವನ್ನು ತೀರಿಸಲಾರನು. ಪ್ರತಿಯೊಬ್ಬನೂ ತಾನು ಮಾಡಬೇಕಾಗಿದ್ದು ಮಾಡದೆ ಹೋದದ್ದಕ್ಕೆ ತಾನೇ ಉತ್ತರ ಕೊಡಬೇಕು.

ಇನ್ನು ನೆರೆದವರಾದ ನಮ್ಮ ವಿಷಯ. 1988ರ ಮೋಟಾರು ವಾಹನಗಳ ಕಾನೂನಿನ 134ನೆಯ ಕಲಮು, ತಪ್ಪು ಯಾರದೆಂದು ನೋಡದೆ, ಗಾಯಪಟ್ಟವನಿಗೆ ಚಿಕಿತ್ಸೆ ದೊರಕಿಸುವ ಹೊಣೆಯನ್ನು ಚಾಲಕನ ಮೇಲೆ ಹೊರಿಸಿದೆ. ಗುಂಪಿನ ರೋಷವೇ ಮೊದಲಾದ ಕೈಮೀರಿದ ಕಾರಣಗಳಿಂದ ಅದು ಅಸಾಧ್ಯವಾದರೆ ಮಾತ್ರ ಅವನಿಗೆ ವಿನಾಯಿತಿ. ನೋಡಿರಿ, ಕಾನೂನು ಹೆಸರಿಸಿದ ಅಡ್ಡಿಯು ನಮ್ಮ ರೋಷವೇ! ವಿಚಾರಣೆಗೆ ಮುಂಚೆ ತೀರ್ಪುಕೊಟ್ಟು ನಾವು ಚಾಲಕನ ಮೇಲೆ ಕೈಮಾಡಿದರೆ ಅವನು ಓಡಿಹೋಗುವನು. ಗಾಯಪಟ್ಟವರು ರಸ್ತೆಯಲ್ಲಿಯೇ ಉಳಿಯುವರು. ಆ ತಪ್ಪಿನ ಪಾಲು ಯಾರದು?

2019ರ ತಿದ್ದುಪಡಿಯಿಂದ ಸೇರಿದ 134ಎ ಕಲಮು, ಸದುದ್ದೇಶದಿಂದ ತುರ್ತು ನೆರವು ಕೊಟ್ಟವನನ್ನು ಮೊಕದ್ದಮೆಯ ಭಯದಿಂದ ಕಾಪಾಡಿ, ಅವನಿಗೆ "ಒಳ್ಳೇ ಸಮಾರ್ಯದವನು" ಎಂಬ ಹೆಸರನ್ನೇ ಕೊಟ್ಟಿದೆ. ಆ ಸಮಾರ್ಯದವನು, ಗಾಯಪಟ್ಟವನು ಆ ದಾರಿಯಲ್ಲಿ ಒಂಟಿಯಾಗಿ ಯಾಕೆ ಬಂದನೆಂದು ವಿಚಾರಿಸಲಿಲ್ಲ. ತಪ್ಪಿನ ವಿಚಾರಣೆಗೆ ನ್ಯಾಯಸ್ಥಾನವುಂಟು, ಸಮಯವೂ ಉಂಟು. ರಕ್ತ ಸುರಿಯುವ ಗಾಯಕ್ಕೆ ಸಮಯವಿಲ್ಲ. ಆದದರಿಂದ ಮೊದಲು ಬಿದ್ದವರನ್ನು ಎತ್ತಿರಿ. ಆಮೇಲೆ ಕಂಡದ್ದನ್ನು ಕಂಡ ಹಾಗೆಯೇ ಸಾಕ್ಷಿ ಹೇಳಿರಿ.