ಸ್ವರಕ್ತವೂ ಸಾಕ್ಷಿಯೂ

ಎಪ್ಪತ್ತು ದಾಟಿದ ನಮ್ಮ ಭಾವನವರು, ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲಾರದೆ, ಕುರ್ಚಿಯ ಮೇಲೆ ಕುಳಿತು ಆಚಮನ ಮಾಡುವುದಕ್ಕೂ ಮನಸ್ಸೊಪ್ಪದೆ, ಕಡೆಗೊಂದು ದಿನ ಡಾಕ್ಟರಲ್ಲಿಗೆ ಹೊರಟಾಗ ಜತೆಗೆ ಹೋದವನು ನಾನು. ಎರಡು ಮಂಡಿಗಳೂ ನೋಯುತ್ತಿದ್ದರೂ ಬಲದ್ದು ಹೆಚ್ಚು. ಡಾಕ್ಟರು ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಿರಲೆಂದು ಔಷಧವಿಟ್ಟಿದ್ದ ನಳಿಗೆಯಲ್ಲಿ ತುಂಬಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿದರು. ಹೊರತೆಗೆದಾಗ ಕೆಂಪೆಲ್ಲ ತಳಕ್ಕಿಳಿದು, ನಡುವೆ ಕೆನೆಯಂಥ ತೆಳ್ಳನೆಯ ಬಿಳಿಗೆರೆಯೊಂದು ಮೂಡಿ, ಮೇಲೆ ಕರಗಿದ ತುಪ್ಪದ ಬಣ್ಣದ ತಿಳಿ ನಿಂತಿತ್ತು. "ನಿಮ್ಮದೇ ರಕ್ತ, ರಾಯರೆ, ಹೊರಗಿನದು ಏನೂ ಇಲ್ಲ" ಎನ್ನುತ್ತ ಅವರು ಅದನ್ನು ಬಲಮಂಡಿಗೆ ಚುಚ್ಚಿದರು. ನಳಿಗೆಯ ಔಷಧವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲವೆನ್ನಿ. ಭಾವನವರ ಮುಖವರಳಿತು: "ಕೇಳಿದೆಯೇನಯ್ಯ, ಭಗವಂತ ಔಷಧವನ್ನು ಒಳಗೇ ಇಟ್ಟಿದ್ದಾನೆ!"

ಪಿ.ಆರ್.ಪಿ., ಎಂದರೆ ಪ್ಲೇಟ್‌ಲೆಟ್ಟುಗಳು ದಟ್ಟವಾದ ರಕ್ತದ ತಿಳಿ, ಎಂದು ಕರೆಯಲ್ಪಡುವ ಈ ಚಿಕಿತ್ಸೆಯ ಹಿಂದಿನ ಯುಕ್ತಿ ಅಸಂಗತವಾದುದಲ್ಲ. ಡೆಂಗಿ ಜ್ವರದ ದೆಸೆಯಿಂದ ಮನೆಮನೆಯ ಮಾತಾಗಿರುವ ಪ್ಲೇಟ್‌ಲೆಟ್ಟುಗಳು, ಗಾಯವಾದೆಡೆಗೆ ಧಾವಿಸಿ ರಕ್ತವನ್ನು ತಡೆಯುವುದಷ್ಟೇ ಅಲ್ಲದೆ, ತಮ್ಮೊಡಲಿನ ಕಣಗಳಲ್ಲಿ ಅಡಗಿಸಿಟ್ಟುಕೊಂಡಿರುವ ವೃದ್ಧಿಕಾರಕ ದ್ರವ್ಯಗಳನ್ನು ಚೆಲ್ಲಿ ದುರಸ್ತಿಯ ಕಾರ್ಯಕ್ಕೂ ನಾಂದಿ ಹಾಡುತ್ತವೆ. ಮಾಂಸವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಸ್ವಲ್ಪ. ಕೀಲಿನ ಮೃದ್ವಸ್ಥಿಗೆ ಅದು ಇಲ್ಲವೇ ಇಲ್ಲ. ರಕ್ತ ತಾನಾಗಿ ಹೋಗದ ಕೇರಿಗೆ ರಕ್ತದ ಕುಶಲಕರ್ಮಿಗಳನ್ನು ಕರೆದೊಯ್ದು ಬಿಡೋಣವೆಂಬುದು ಒಳ್ಳೆಯ ಆಲೋಚನೆಯೇ ಸರಿ.

ಆದರೆ ಭಾವನವರನ್ನು ಅರಳಿಸಿದ್ದು ಈ ಯುಕ್ತಿಯಲ್ಲ, 'ನಿಮ್ಮದೇ' ಎಂಬ ಒಂದು ಪದ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಪ್ಲೇಟ್‌ಲೆಟ್ಟುಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, 8–10 ದಿನ ಬಾಳಿ, ಪ್ಲೀಹದಲ್ಲಿಯೋ ಯಕೃತ್ತಿನಲ್ಲಿಯೋ ಅಳಿದುಹೋಗುತ್ತವೆ. ಅವುಗಳ ಜನನಕ್ಕೆ ನಾವು ಪುರುಡನ್ನು ಹಿಡಿಯಲಿಲ್ಲ, ಮರಣಕ್ಕೆ ಸೂತಕವನ್ನೂ ಹಿಡಿಯಲಿಲ್ಲ. ದೇಹವೇ ತಾನಲ್ಲವೆಂದು ನಲವತ್ತು ವರ್ಷ ಪುರಾಣ ಕೇಳಿದ ಮನುಷ್ಯನಿಗೂ, ಹತ್ತು ದಿನದ ಈ ಅತಿಥಿಗಳನ್ನು 'ನನ್ನವು' ಎಂದಾಗ ಆಗುವ ಸಮಾಧಾನ ಎಂಥದು! ಮಮಕಾರವು ಮನೆ ಹೊಲಗಳಿಗೆ ಮಾತ್ರ ಅಂಟಿಕೊಳ್ಳುವುದೆಂದು ನಾನು ತಿಳಿದಿದ್ದೆ.

ಎರಡು ತಿಂಗಳಿಗೆ ನೋವು ಇಳಿಯಿತು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಸುಖದುಃಖಗಳನ್ನು ಅರಿಯುವುದು ಸಾಕ್ಷಿಯೆಂದೂ ಆ ಅರಿವಿನಲ್ಲಿ ಪ್ರಮಾದಕ್ಕೆ ಎಡೆಯಿಲ್ಲವೆಂದೂ ಹೇಳುತ್ತಾರಾದ್ದರಿಂದ, ನೋವು ಕಡಮೆಯಾಯಿತೆಂದು ಭಾವನವರು ಹೇಳಿದ ಮೇಲೆ ಅದರಲ್ಲಿ ಅನ್ಯರು ವಾದಿಸುವುದೇನೂ ಉಳಿಯದು. ಅದು ಚುಚ್ಚಿದ ತಿಳಿಯಿಂದಲೇ ಆಯಿತೆಂಬುದಾದರೋ ಸಾಕ್ಷಿಯ ಮಾತಲ್ಲ, ಅನುಮಾನದ ಮಾತು. ಕಾಗೆ ಕೂತದ್ದಕ್ಕೇ ತಾಳೆಯ ಹಣ್ಣು ಬಿತ್ತೆಂಬ ಭ್ರಾಂತಿ ನುಸುಳುವುದು ಇಲ್ಲಿಯೇ. ಇಂಥಲ್ಲಿ ನೈಯಾಯಿಕನು ಅನ್ವಯವೊಂದೇ ಸಾಲದೆಂದು ವ್ಯತಿರೇಕವನ್ನು ಕೇಳುತ್ತಾನೆ: ತಿಳಿಯಿಲ್ಲದೆಯೂ ಗುಣವಾದೀತೇ, ನೋಡಿದ್ದೀರಾ?

ಆಸ್ಟ್ರೇಲಿಯದವರು ನೋಡಿದರು. ಮಂಡಿಯ ಸಂಧಿವಾತದಿಂದ ನರಳುತ್ತಿದ್ದ 288 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ರಕ್ತದ ತಿಳಿಯನ್ನೂ ಉಳಿದವರಿಗೆ ಉಪ್ಪುನೀರನ್ನೂ, ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಯದಂತೆ, ವಾರಕ್ಕೊಮ್ಮೆ ಮೂರು ಸಲ ಚುಚ್ಚಿದರು. 2021ರಲ್ಲಿ ಪ್ರಕಟವಾದ ಫಲವೆಂದರೆ, ಹತ್ತರ ಮಾಪನದಲ್ಲಿ ವರ್ಷಾಂತ್ಯಕ್ಕೆ ತಿಳಿಯವರ ನೋವು 2.1ರಷ್ಟು, ಉಪ್ಪುನೀರಿನವರದು 1.8ರಷ್ಟು ತಗ್ಗಿತ್ತು, ಆ ಅಂತರ ಗಣನೆಗೆ ಬರುವಂಥದಲ್ಲ. ಮೊಣಕೈಯ ರಜ್ಜುವಿನ ನೋವಿನಲ್ಲಿ ಇದು ಸ್ಟೀರಾಯ್ಡ್ ಚುಚ್ಚುಮದ್ದಿಗಿಂತ ನಿಧಾನವಾಗಿಯಾದರೂ ಹೆಚ್ಚು ಕಾಲ ನಿಂತುದನ್ನು ಡಚ್ಚರು 2010ರಲ್ಲಿ ತೋರಿಸಿದ್ದುಂಟು. ಆದುದರಿಂದ ಎಲ್ಲವನ್ನೂ ಹುಸಿಯೆಂದು ಗುಡಿಸಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ.

ನನ್ನ ಮನಸ್ಸು ನಿಲ್ಲುವುದು ಆ ಉಪ್ಪುನೀರಿನವರ ಬಳಿಯಲ್ಲಿ. ಅವರ ಉಪಶಮನ ಸುಳ್ಳೇ? ನೋವು ತಾನಾಗಿ ಏರಿ ಇಳಿಯುವುದುಂಟು, ಏರಿದಾಗಲೇ ನಾವು ಡಾಕ್ಟರಲ್ಲಿಗೆ ಓಡುವುದೂ ಉಂಟು. ಜೊತೆಗೆ ಒಬ್ಬರು ಮಂಡಿಯನ್ನು ಮುಟ್ಟಿ ನೋಡಿದರೆಂಬ ಭರವಸೆಯೂ ಇದೆ. ಕಾರಣ ಯಾವುದೇ ಇರಲಿ, ಅವರ ಸಾಕ್ಷಿ ಸುಳ್ಳು ಹೇಳಲಿಲ್ಲ. ಶ್ರದ್ಧೆ ಇಷ್ಟು ಮಾಡಬಲ್ಲುದಾದರೆ ಅದನ್ನು ಗೌರವಿಸತಕ್ಕದ್ದೇ; ಆದರೆ ಪರರ ಶ್ರದ್ಧೆಗೆ ಸಾವಿರಗಳ ಬೆಲೆ ಕಟ್ಟಿ, 'ಗುಣವಾದೀತು' ಎನ್ನಬೇಕಾದಲ್ಲಿ 'ಗುಣವಾಗಿಯೇ ತೀರುತ್ತದೆ' ಎಂದು ಮಾರುವುದು ಅಧರ್ಮವೆಂದೇ ನನ್ನ ಮತ. ನಮ್ಮ ಡಾಕ್ಟರು ಈ ಎರಡನೆಯ ಮಾತನ್ನೇ ಆಡಿದ್ದರು.

ಭಾವನವರು ಈಗ ನೆಲದ ಮೇಲೆ ಕುಳಿತೇ ಸಂಧ್ಯಾವಂದನೆ ಮಾಡುತ್ತಾರೆ. ಸೂಜಿ ಮುಟ್ಟದ ಎಡಮಂಡಿಯ ನೋವೂ ಹೆಚ್ಚುಕಡಮೆ ಅಷ್ಟೇ ಇಳಿದಿದೆ. ಆ ಮಾತೆತ್ತಿದರೆ ಅವರಿಗೆ ಸರಿಬೀಳುವುದಿಲ್ಲ.