ಕೇಳುವ ಮೊದಲು ಕೊಟ್ಟಿದ್ದೇವೆಯೆ?

ಶಾಲೆಯೊಂದರ ಹೊಣೆ ಹೊಸದಾಗಿ ಹೆಗಲಿಗೆ ಬಂದಾಗ ಮೊದಲ ವಾರದಲ್ಲೇ ತಿಳಿಯುವ ಸಂಗತಿಯೊಂದಿದೆ. ಮಕ್ಕಳಿಂದ ಏನನ್ನು ನಿರೀಕ್ಷಿಸಬೇಕೆಂದು ಹೇಳುವವರು ಊರ ತುಂಬ ಇದ್ದಾರೆ. ಮಕ್ಕಳ ನಿರೀಕ್ಷೆಯೇನೆಂದು ಕೇಳುವವರು ವಿರಳ. ಇಲಾಖೆಗೆ ಫಲಿತಾಂಶದ ಶೇಕಡಾವಾರು ಬೇಕು. ತಂದೆತಾಯಿಯರಿಗೆ ಮಗ ಹೊಸೂರಿನ ಕಾರ್ಖಾನೆಯ ಗೇಟು ದಾಟಬೇಕು. ರಾಜ್ಯೋತ್ಸವಕ್ಕೆ ಬಂದು ಭಾಷಣ ಮಾಡುವ ಅಭಿಮಾನಿಗಳಿಗೆ ಕನ್ನಡ ಉಳಿಯಬೇಕು. ಮೂರೂ ನ್ಯಾಯವಾದ ಆಸೆಗಳೇ. ಹೊರುವ ಹೆಗಲು ಮಾತ್ರ ಹದಿನಾಲ್ಕು ವರ್ಷದ್ದು.

ಸಾನಮಾವು ಕಾಸರಗೋಡಿನ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದು. ಹೊಸೂರಿನಿಂದ ರಾಯಕೋಟೆಯ ಕಡೆಗೆ, ಕಾಡಿಗೆ ಅಂಟಿಕೊಂಡಿರುವ ಊರು. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಯ ಹಿಂಡು ಈ ಕಾಡಿಗೆ ಬಂದು ಬೀಡುಬಿಡುತ್ತದೆ. ಇರುಳೆಲ್ಲ ಹೊಲ ಕಾದ ಮನೆಯ ಹುಡುಗ ಬೆಳಿಗ್ಗೆ ತಡವಾಗಿ ಬಂದರೆ ಅದನ್ನು ಅಶಿಸ್ತೆಂದು ಬರೆಯಲು ನನ್ನ ಕೈ ಏಳದು. ಇಲ್ಲಿನ ಮನೆಗಳಲ್ಲಿ ಕನ್ನಡ, ತೆಲುಗು. ಬಸ್ಸಿನಲ್ಲಿ, ಕಚೇರಿಯಲ್ಲಿ ತಮಿಳು. ಮೂರು ನುಡಿಯೂ ನಾಲಗೆಯ ಮೇಲಿರುವುದು ನಿಜ. ಆದರೆ ನಾಲಗೆಯ ಮೇಲಿದ್ದದ್ದೆಲ್ಲ ಲೇಖನಿಗೆ ಇಳಿಯುವುದಿಲ್ಲ. ಅದಕ್ಕೆ ಕಲಿಸುವವರು ಬೇಕು.

ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸಲಾಯಿತು. 2015-16ಕ್ಕೆ ಅದು ಹತ್ತನೆಯ ತರಗತಿಗೆ ಬಂತು. ಕಲಿಸುವ ಅಧ್ಯಾಪಕರನ್ನೇ ಕೊಡದೆ ಪರೀಕ್ಷೆ ಬರೆಯಿರೆಂದರೆ ಹೇಗೆ ಎಂದು ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿದರು. 2016ರಲ್ಲಿ ಮದರಾಸು ಹೈಕೋರ್ಟಿನಿಂದ ವಿನಾಯಿತಿ ದೊರೆಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೊಂದು ವರ್ಷಕ್ಕೆ ವಿಸ್ತರಿಸಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳಿಸಿದಾಗ ಪ್ರತಿಭಟಿಸಿದ ಕಾಸರಗೋಡಿನವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ವಿನಾಯಿತಿಯಲ್ಲೇ ನೆಮ್ಮದಿ ಕಾಣುವ ನಮ್ಮವರ ವಾದವೂ ನನಗೆ ಒಪ್ಪಿಗೆಯಿಲ್ಲ. 2021ರ ಆದೇಶದ ಬಳಿಕ ರಾಜ್ಯ ಸರಕಾರದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯವಾಗಿದೆ. ತಮಿಳು ಬರೆಯಲಾರದ ನಮ್ಮ ಹುಡುಗಿ ಅಲ್ಲಿ ಯಾವ ವಿನಾಯಿತಿ ಪತ್ರ ತೋರಿಸಿಯಾಳು? ಕನ್ನಡದ ಮೇಲಿನ ಪ್ರೀತಿಯಿಂದ ಅವಳಿಗೆ ತಮಿಳನ್ನು ತಪ್ಪಿಸಿದೆವೆಂದರೆ, ಆ ಪ್ರೀತಿಯ ಬೆಲೆ ತೆತ್ತವಳು ಅವಳು, ನಾವಲ್ಲ.

ಮಗುವಿನ ಭವಿಷ್ಯದ ಅಳತೆಯನ್ನು ಹಿರಿಯರೇ ತೆಗೆಯುವ ಅಭ್ಯಾಸ ಹೊಸದೇನಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು, ಮುಂದೆ ದೇಶದ ಗವರ್ನರ್ ಜನರಲ್ ಆದರು. ಅದೇ ರಾಜಾಜಿ ಮದರಾಸಿನ ಮುಖ್ಯಮಂತ್ರಿಯಾಗಿ 1953ರಲ್ಲಿ, ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಶಾಲೆಗಳ ಕೊರತೆ ನೀಗಿಸುವುದು ಅವರ ಉದ್ದೇಶವಾಗಿದ್ದೀತು. ಕುಂಬಾರನ ಮಗ ಕುಂಬಾರನೇ ಆಗಲಿ ಎಂದಂತಾಯಿತೆಂದು ಜನ ಸಿಡಿದೆದ್ದರು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಕೈಬಿಟ್ಟರು. ಹಳ್ಳಿಯಿಂದಲೇ ಅಷ್ಟು ದೂರ ನಡೆದವರಿಗೆ ಹಳ್ಳಿಯ ಮಗುವಿನ ನಡಿಗೆ ಇಷ್ಟೇ ಎಂದು ತೋರಿದ್ದು ವಿಚಿತ್ರ. ಆದರೆ ಕನ್ನಡದ ಮಗು ಕನ್ನಡವನ್ನು ಕಾಯಲಿಕ್ಕೇ ಹುಟ್ಟಿದೆ ಎನ್ನುವ ನಾವು ಅವರಿಗಿಂತ ಎಷ್ಟು ಭಿನ್ನ?

ಕನ್ನಡ ಬೇಡವೆಂದು ಇದರರ್ಥವಲ್ಲ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಅದು ಮಗುವಿಗೆ ಸಲ್ಲಬೇಕಾದದ್ದು. ಮಗುವಿನಿಂದ ವಸೂಲಿ ಮಾಡುವಂಥದಲ್ಲ.

ಪೋಷಕರ ಸಭೆಗೆ ಮೊದಲು ಎಂಟನೆಯ ತರಗತಿಯವರನ್ನು ಕೇಳಿದೆ, ಶಾಲೆಯಿಂದ ನಿಮಗೇನು ಬೇಕು ಎಂದು. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು: ಕತ್ತಲಾಗುವ ಮೊದಲು ಬಸ್ಸು ಸಿಗುವಂತೆ ಬಿಡಬೇಕು, ತಮಿಳು ಬರೆಯಲು ಕಲಿಸಬೇಕು, ಬೀರುವಿನಲ್ಲಿ ಬೀಗ ಹಾಕಿಟ್ಟ ಕನ್ನಡ ಕಥೆಪುಸ್ತಕಗಳನ್ನು ಮನೆಗೆ ಕೊಡಬೇಕು. ಬೀರುವಿನ ಬೀಗ ಅಂದೇ ತೆಗೆಸಿದೆ. ಬಸ್ಸಿನ ವಿಷಯಕ್ಕೆ ಅರ್ಜಿ ಹೋಗಿದೆ. ತಮಿಳಿನದು ಪೋಷಕರ ಸಭೆಯ ಮುಂದಿದೆ; ಅಲ್ಲಿ ಜಗಳವಾಗುವುದು ಖಂಡಿತ.